ಹಳೆಯ ಫೈಲುಗಳಲ್ಲಿ ಒಂದು ಭಾಗಾಕಾರ

ಕಳೆದ ಮಳೆಗಾಲದಲ್ಲಿ ಹುಬ್ಬಳ್ಳಿಯ ನಮ್ಮ ಆಸ್ಪತ್ರೆಯ ರೆಕಾರ್ಡ್ ಕೋಣೆಯಿಂದ ಹಳೆಯ ಫೈಲುಗಳನ್ನು ಇಳಿಸಿಕೊಂಡು ಕುಳಿತೆ. ಆ ರೋಗಿಗಳೆಲ್ಲರೂ ಕ್ಯಾನ್ಸರಿನಿಂದಾಗಿ ಮೂತ್ರಕೋಶವನ್ನೇ ತೆಗೆಸಿಕೊಂಡವರು. ಶಸ್ತ್ರಚಿಕಿತ್ಸೆಗೆ ಮೊದಲಿನ ಸಿಬಿಸಿಯಲ್ಲಿ, ಅಂದರೆ ರಕ್ತಕಣಗಳ ಎಣಿಕೆಯಲ್ಲಿ, ನ್ಯೂಟ್ರೋಫಿಲ್‌ಗಳನ್ನು ಲಿಂಫೋಸೈಟ್‌ಗಳಿಂದ (ಎರಡೂ ಬಿಳಿ ರಕ್ತಕಣಗಳೇ) ಭಾಗಿಸಿದಾಗ ಬರುವ ಅನುಪಾತ ಹೆಚ್ಚಿದ್ದರೆ ಮುಂದಿನ ಗತಿ ಒಳ್ಳೆಯದಲ್ಲ ಎಂದು ಹಲವು ಅಧ್ಯಯನಗಳು ಹೇಳುತ್ತವೆ. ಗಡಿ ಬಹಳಷ್ಟು ಕಡೆ 2.5ರಿಂದ 3ರ ಆಸುಪಾಸು. ಉರಿಯೂತ ಇದ್ದಾಗ ನ್ಯೂಟ್ರೋಫಿಲ್ ಏರುತ್ತದೆ, ಗಡ್ಡೆಯ ಮೇಲೆ ಕಾವಲಿರಬೇಕಾದ ಲಿಂಫೋಸೈಟ್ ಇಳಿಯುತ್ತದೆ. ಬಿಡಿಗಾಸಿನ ಹೆಚ್ಚುವರಿ ಖರ್ಚಿಲ್ಲ. ನಾನು ಮರುಳಾದದ್ದು ಅದಕ್ಕೇ.

ಮೊದಲ ತೊಡಕು ಕಾಗದದ್ದು. ಯಂತ್ರದಿಂದ ಬಂದ ಥರ್ಮಲ್ ಚೀಟಿಗಳ ಅಕ್ಷರವೆಲ್ಲ ಮಾಸಿ, ಗೋಂದು ಹಚ್ಚಿದ ಕಲೆ ಮಾತ್ರ ಉಳಿದಿತ್ತು. ಲ್ಯಾಬಿನ ರಿಜಿಸ್ಟರ್ ತೆರೆದು ಅಂಕಿಗಳನ್ನು ಬರೆದುಕೊಂಡೆ. ಶೇಕಡಾವಾರು ಸಿಕ್ಕರೂ ಸಾಕು, ಒಟ್ಟು ಕೌಂಟ್ ಬೇಕಿಲ್ಲ. ಭಾಗಿಸುವಾಗ ಅದು ಹೊಡೆದುಹೋಗುತ್ತದೆ.

ಎಡವಿದ್ದು ಬೇರೆ ಕಡೆ. ರಾಣೆಬೆನ್ನೂರು ಕಡೆಯ ರೈತರೊಬ್ಬರದು ನ್ಯೂಟ್ರೋಫಿಲ್ ಶೇಕಡಾ 82ಕ್ಕೆ ಲಿಂಫೋಸೈಟ್ 11, ಹತ್ತಿರ ಹತ್ತಿರ ಏಳೂವರೆ. ಕೆಟ್ಟ ಗುಂಪಿಗೆ ಸೇರಿಸಿ, ಮನೆಯವರನ್ನು ವಿಚಾರಿಸಲು ಅಳುಕುತ್ತಲೇ ಫೋನ್ ಮಾಡಿದೆ. ಅವರೇ ಎತ್ತಿದರು: “ಆರಾಮ ಇದ್ದೇನೆ ಸಾಹೇಬರೆ. ಬೀಡಿ ಬಿಟ್ಟೆ. ಹೊಟ್ಟೆಯ ಮೇಲಿನ ಮೂತ್ರದ ಚೀಲದ್ದೊಂದೇ ಕಿರಿಕಿರಿ.”

ಫೈಲನ್ನು ಮತ್ತೆ ತಿರುವಿದೆ. ಆ ರಕ್ತ ತೆಗೆದ ದಿನ ನರ್ಸ್ ಬರೆದಿದ್ದರು: ಕ್ಯಾತಿಟರ್ (ಮೂತ್ರದ ಕೊಳವೆ) ಇದೆ, ಚಳಿಜ್ವರ, ಮೂತ್ರದಲ್ಲಿ ಕೀವು. ಎರಡು ವಾರ ಆ್ಯಂಟಿಬಯೋಟಿಕ್ ಕೊಟ್ಟ ಮೇಲೆ, ಶಸ್ತ್ರಚಿಕಿತ್ಸೆಯ ಹಿಂದಿನ ದಿನದ ವರದಿಯಲ್ಲಿ 63ಕ್ಕೆ 28, ಅನುಪಾತ 2.25. ಫೈಲಿನಲ್ಲಿ ಮೊದಲು ಸಿಕ್ಕ ಹಾಳೆಯನ್ನೇ ನಾನು ನಂಬಿದ್ದೆ. ಕ್ಯಾನ್ಸರಿನದಲ್ಲ, ಸೋಂಕಿನ ಅಂಕಿ ಅದು.

ಸೋಂಕು ಇದ್ದವರ, ಸ್ಟೆರಾಯ್ಡ್ ತೆಗೆದುಕೊಳ್ಳುತ್ತಿದ್ದವರ ವರದಿಗಳನ್ನು ಬದಿಗಿಟ್ಟಾಗ ರಾಶಿ ಕರಗಿತು. ಸ್ಟೆರಾಯ್ಡ್ ಕೂಡ ನ್ಯೂಟ್ರೋಫಿಲ್ ಏರಿಸಿ ಲಿಂಫೋಸೈಟ್ ಇಳಿಸುತ್ತದೆ. ಉಳಿದವರಲ್ಲಿ ಅನುಪಾತ ಹೆಚ್ಚಿದ್ದವರ ಗತಿ ಕೆಟ್ಟದ್ದೇ ಆಗಿತ್ತು, ನಿಜ. ಆದರೆ ಅವರಲ್ಲಿ ಹೆಚ್ಚಿನವರಿಗೆ ಗಡ್ಡೆ ಸ್ನಾಯುಪದರ ದಾಟಿತ್ತು, ಇಲ್ಲವೇ ದುಗ್ಧಗ್ರಂಥಿಗಳಿಗೆ ಹಬ್ಬಿತ್ತು. ಅದನ್ನು ತೆಗೆದ ಮೂತ್ರಕೋಶ, ಗ್ರಂಥಿಗಳ ಪೆಥಾಲಜಿ ವರದಿಯೇ ಹೇಳಿತ್ತು. ನನ್ನ ಭಾಗಾಕಾರ ಹೊಸದಾಗಿ ಹೇಳಿದ್ದು ಕಡಿಮೆ. ಇಷ್ಟು ಕಡಿಮೆ ಜನರಲ್ಲಿ ಅನುಪಾತ, ಗಡ್ಡೆಯ ಹರಡುವಿಕೆ ಎರಡನ್ನೂ ಬಿಡಿಸಿ ನೋಡಲಾಗದು. ಹಾಗಾಗಿ ಈ ಅಂಕಿಯನ್ನು ರೋಗಿಗಳ ಮುಂದೆ ನಾನು ಎತ್ತುವುದಿಲ್ಲ.

ಈಗ ಸಿಬಿಸಿ ಚೀಟಿಯ ಮೂಲೆಯಲ್ಲಿ ಜ್ವರ, ಕ್ಯಾತಿಟರ್, ಸ್ಟೆರಾಯ್ಡ್ ಎಂದು ಮೂರು ಗೆರೆ ಬರೆಯುತ್ತೇನೆ. “ಒಂದು ಸಿಬಿಸಿಗೆ ಇಷ್ಟು ಪುರಾಣವೇ ಸರ್?” ಎಂದು ಲ್ಯಾಬಿನ ಹುಡುಗ ಗೊಣಗುತ್ತಾನೆ.