ಸೋರುವ ಮದ್ರಾಸ್ ತಾರಸಿ: ಕೊನೆಗೂ ಸುಣ್ಣವೇ ಗೆದ್ದಿತು

ಸೋರುತ್ತಿದ್ದ ಹಳೇ ತಾರಸಿಯೊಂದನ್ನು ಸುಣ್ಣದಲ್ಲೇ ಮತ್ತೆ ಹಾಕಿಸಿದ್ದೆ. ಮೂರು ಮಳೆಗಾಲ ಕಳೆಯಲಿ, ಆಮೇಲೆ ಬರೆಯೋಣ ಅಂತ ಸುಮ್ಮನಿದ್ದೆ. ಮೂರನೆಯದೂ ಮುಗಿಯಿತು. ಒಂದು ಹನಿ ಇಳಿದಿಲ್ಲ.

ಮೈಸೂರಿನ ಹಳೇ ಪೇಟೆಯ ಅಂಗಡಿ ಮಹಡಿ ಅದು, ವಿಕ್ಟೋರಿಯಾ ರಾಣಿ ಕಾಲದ್ದು. ಕೆಳಗೆ ಮೂರು ಮಳಿಗೆ, ಮುಂದೆ ಕಮಾನಿನ ಜಗಲಿ, ನಂಬರ್ ಕೆತ್ತಿದ ಹಲಗೆ ಬಾಗಿಲು. ಮೇಲೆ ಗೋಡೌನ್, ಅದಕ್ಕೆ ಮದ್ರಾಸ್ ತಾರಸಿ, ಅಂದರೆ ತೇಗದ ಜಂತೆ ಮೇಲೆ ಇಟ್ಟಿಗೆ, ಅದರ ಮೇಲೆ ಇಟ್ಟಿಗೆ ಜಲ್ಲಿ-ಸುಣ್ಣ ಬಡಿದು ಮಾಡುವ ಹಳೇ ಕಾಲದ ತಾರಸಿ. ಒಂದೂವರೆ ಅಡಿ ಮೀರಿದ ಇಟ್ಟಿಗೆ-ಸುಣ್ಣದ ಗೋಡೆ. ಲ್ಯಾನ್ಸ್‌ಡೌನ್ ಕಟ್ಟಡ ನೋಡಿದವರಿಗೆ ಈ ಜಾತಿ ಗೊತ್ತೇ ಇದೆ. ವೈಸ್‌ರಾಯ್ ಬಂದ ನೆನಪಿಗೆ 1892ರಲ್ಲಿ ಕಟ್ಟಿದ್ದು ಅದು. 2012ರ ಆಗಸ್ಟಿನಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯದೂ ಒಂದು ಭಾಗ ಬಿತ್ತು. ಅಲ್ಲಿಂದ ಪೇಟೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ‘ಒಡೆದು ಆರ್‌ಸಿಸಿ ಹಾಕಿಬಿಡಿ’. ಈ ಮಹಡಿಯ ಮಾಲೀಕರ ಕೈಯಲ್ಲೂ 14 ಲಕ್ಷದ ಕೊಟೇಶನ್ ಇತ್ತು. ‘ಸ್ವಾಮಿ, ಸುಣ್ಣ ಬೆಲ್ಲ ಅಂತ ಆಟ ಆಡ್ಬೇಡಿ’ ಅಂದರು.

ಅವರ ತಪ್ಪಲ್ಲ. ಹಿಂದಿನ ವರ್ಷ ಅದೇ ತಾರಸಿಗೆ ನಾನೇ 85 ಸಾವಿರ ಖರ್ಚು ಮಾಡಿಸಿ ಕೆಮಿಕಲ್ ಬಳಿಸಿದ್ದೆ. ಮುಂದಿನ ಜುಲೈಗೇ ಸೋರಿತು. ಕಿತ್ತು ನೋಡಿದರೆ ಕೆಮಿಕಲ್ ಕೆಳಗೆ ಟಾರು, ಟಾರಿನ ಕೆಳಗೆ ಯಾವುದೋ ಕಾಲದ ಎರಡಿಂಚು ಸಿಮೆಂಟು. ಅದರ ಕೆಳಗಿನ ಸುಣ್ಣ ಮಾರ್ಚ್ ತಿಂಗಳ ಬಿಸಿಲಲ್ಲೂ ಒದ್ದೆ! ಬಿರುಕಲ್ಲಿ ಇಳಿದ ನೀರಿಗೆ ಆರಲು ದಾರಿಯೇ ಇರಲಿಲ್ಲ. ಸೀದಾ ಗೋಡೆಯೊಳಗಿನ ಜಂತೆ ತುದಿಗೆ ಹೋಗಿ ಕೂತಿತ್ತು. ಸ್ಕ್ರೂಡ್ರೈವರ್ ಚುಚ್ಚಿದೆ, ತೇಗ ಕಣ್ರೀ, ರಾಗಿ ಮುದ್ದೆ ಥರ ಒಳಗೆ ಹೋಯಿತು. ನಲವತ್ತು ಚಿಲ್ಲರೆ ಜಂತೆಯಲ್ಲಿ ಹನ್ನೊಂದು ಹೋಗಿದ್ದವು. ಹಳೇ ಮನೆ ಒಡೆದ ಕಡೆ ತೇಗ ಹುಡುಕಿ ತಂದೆ. ಅದಕ್ಕೇ ಒಂದು ಲಕ್ಷ ನಲವತ್ತು ಸಾವಿರದ ಹತ್ತಿರ ಆಯಿತು.

ಸುಣ್ಣದಲ್ಲೂ ಮೊದಲ ಸಲ ಸೋತೆ. ಚೀಲದ ಸುಣ್ಣ ತಂದು ನಾಲ್ಕೇ ದಿನ ನೆನೆಸಿ ಒಂದು ಮೂಲೆಗೆ ಹಾಕಿಸಿದೆ. ಮೂರು ವಾರಕ್ಕೆ ಅಲ್ಲಲ್ಲಿ ಬಿಳಿ ಗುಳ್ಳೆ ಎದ್ದು ಒಡೆದವು, ಒಳಗೆಲ್ಲ ಅರಳದ ಕಾಳು. 38 ಸಾವಿರ ನೀರುಪಾಲು. ಎಪ್ಪತ್ತು ದಾಟಿದ ಮೇಸ್ತ್ರಿ ತಾತ ನೋಡಿ ನಕ್ಕರು: ‘ಸುಣ್ಣಕ್ಕೆ ಅರ್ಜೆಂಟ್ ಇಲ್ಲ ಸಾರ್, ನಿಮಗಿದೆ.’ ಎರಡನೇ ಸಲ ಗುಂಡಿಯಲ್ಲಿ ತಿಂಗಳ ಮೇಲೆ ಕೊಳೆಹಾಕಿ, ಬಟ್ಟೆಯಲ್ಲಿ ಸೋಸಿ ತೆಗೆದೆವು.

ಮಧ್ಯೆ, ಹಳಬರ ಥರ ಸುಣ್ಣಕ್ಕೆ ಏನೇನೋ ಬೆರೆಸಿ ನೋಡುವ ನನ್ನ ಹುಚ್ಚಾಟವೂ ನಡೆಯಿತು. ಮೊಟ್ಟೆಯ ಬಿಳಿ ಹಾಕಿದ ತುಂಡು ವಾರಗಟ್ಟಲೆ ನಾರಿತು, ಬೆಕ್ಕುಗಳಿಗೆ ಹಬ್ಬ. ಬೇಲದ ಹಣ್ಣಿನ ನೀರಿನಿಂದ ನನಗೇನೂ ವ್ಯತ್ಯಾಸ ಕಾಣಲಿಲ್ಲ. ಒಂದು ತುಂಡಿಗೆ ಬೆಲ್ಲ ಜಾಸ್ತಿಯಾಗಿ ಇರುವೆ ಸಾಲು ಬಂತು. ಸುಣ್ಣಕ್ಕೆ ಸೇರಿಸುವ ಇಟ್ಟಿಗೆ ಪುಡಿಗೆ, ಅಂದರೆ ಸುರ್ಕಿಗೆ, ಮಾತ್ರ ಊರಿನ ಭಟ್ಟಿ ಇಟ್ಟಿಗೆಯೇ ಬೇಕು. ಅತಿಯಾಗಿ ಬೆಂದ ಕಪ್ಪು ಇಟ್ಟಿಗೆ ಪುಡಿ ಹಿಡಿಯುವುದಿಲ್ಲ. ಬೆಲ್ಲ, ಅಳಲೆಕಾಯಿ ಎಷ್ಟಕ್ಕೆಷ್ಟು, ಎಷ್ಟು ದಿನ ಕೊಳೆಸಬೇಕು ಅನ್ನೋದು ಇಲ್ಲಿ ಬರೆಯಲ್ಲ. ಹೊಟ್ಟೆಪಾಡು ನೋಡಿ.

ಇಟ್ಟಿಗೆ ಜಲ್ಲಿ-ಸುಣ್ಣ ನಾಲ್ಕಿಂಚು, ಹತ್ತಡಿಗೆ ಮೂರಿಂಚು ವಾಟ. ಹನ್ನೆರಡು ಹೆಂಗಸರು ಸಾಲಾಗಿ ಕೂತು ಆರು ದಿನ ಮರದ ಕೊಡತಿಯಲ್ಲಿ ಬಡಿದರು. ಮೊದಲೆರಡು ದಿನ ‘ದಪ್ ದಪ್’. ನಾಲ್ಕನೇ ದಿನ ಮಧ್ಯಾಹ್ನ ಸದ್ದು ಬಿಗಿಯಾಯಿತು, ಕೊಡತಿ ಎಗರತೊಡಗಿತು. ತಾತ ಕಣ್ಣು ಮುಚ್ಚಿ ಕೇಳುತ್ತಾ, ಮೆತ್ತಗೆ ಕೇಳಿಸಿದ ಜಾಗಕ್ಕೆ ಬೆರಳು ತೋರಿಸುತ್ತಿದ್ದರು. ಮೇಲೆ ಎರಡು ಸುತ್ತು ಚಪ್ಪಟೆ ಹೆಂಚು.

ಎಂಟುನೂರು ಚದರಡಿಗೆ ಜಂತೆ ಸೇರಿ ಐದು ಲಕ್ಷದ ಆಸುಪಾಸು, ನಾನು ಕಳೆದದ್ದು ಬಿಟ್ಟು. ಆರ್‌ಸಿಸಿ ಅಂದಿದ್ದ ಇಂಜಿನಿಯರ್ ಮೊನ್ನೆ ತಾತನ ನಂಬರ್ ಕೇಳಿದರು. ನನ್ನದೇ ಕೊಟ್ಟೆ. ಮುಂಭಾಗದ ಕಮಾನುಗಳಿಗೆ ಯಾರೋ ಬಳಿದ ಸಿಮೆಂಟ್ ಗಿಲಾವು ಇನ್ನೂ ಹಾಗೇ ಉದುರುತ್ತಿದೆ. ದಸರಾ ವ್ಯಾಪಾರ ಕಳೆಯಲಿ ಅಂದಿದ್ದಾರೆ ಮಾಲೀಕರು. ಸುಣ್ಣ ಆಗಲೇ ಗುಂಡಿಯಲ್ಲಿದೆ.