ಟೆರೇಸಿನ ಸೈರನ್‌ಗೆ ಕಂಟ್ರೋಲ್ ಪ್ಯಾನೆಲ್: ನನ್ನ ಅನುಭವ

ನಾಗರಿಕ ರಕ್ಷಣೆಯ ಸೈರನ್ ಸಂಕೇತ ಎರಡು: ಏರಿಳಿಯುವ ಕೂಗು ಅಂದರೆ ಅಪಾಯ, ಒಂದೇ ಸಮನಾದ ಕೂಗು ಅಂದರೆ ಅಪಾಯ ಕಳೆಯಿತು. ಮೋಟಾರ್ ಸೈರನ್‌ನಲ್ಲಿ ಆ ಏರಿಳಿತ ಬರುವುದು ಕಾಂಟ್ಯಾಕ್ಟರ್ (ಮೋಟಾರಿನ ವಿದ್ಯುತ್ ಹಾಕಿ ತೆಗೆಯುವ ದೊಡ್ಡ ರಿಲೇ) ಆನ್-ಆಫ್ ಆಗುವುದರಿಂದ. 5 ಎಚ್‌ಪಿ ತ್ರೀ ಫೇಸ್ ಮೋಟಾರಿಗೆ ನಾನಿಟ್ಟ ಲೆಕ್ಕ 8 ಸೆಕೆಂಡ್ ಆನ್, 7 ಸೆಕೆಂಡ್ ಆಫ್. 2 ನಿಮಿಷಕ್ಕೆ 8 ಸ್ಟಾರ್ಟ್. ಓಡುವಾಗ ಸುಮಾರು 7.5 ಆಂಪ್, ಸ್ಟಾರ್ಟಿನಲ್ಲಿ ಅದರ ಆರೇಳು ಪಟ್ಟು. ಹೆಚ್ಚು ಕರೆಂಟ್ ಹರಿದರೆ ಮೋಟಾರ್ ನಿಲ್ಲಿಸುವ ಕ್ಲಾಸ್ 10 ಓವರ್‌ಲೋಡ್ ರಿಲೇ ನಡುವೆಯೇ ಟ್ರಿಪ್ ಆಗುತ್ತಿತ್ತು. ಮೋಟಾರ್ ಇಷ್ಟು ಸ್ಟಾರ್ಟ್ ತಾಳುತ್ತದೆಂದು ಖಚಿತಪಡಿಸಿಕೊಂಡು, ನಿಧಾನವಾಗಿ ಟ್ರಿಪ್ ಆಗುವ ಕ್ಲಾಸ್ 20 ಹಾಕಿದೆ.

ಹೆಚ್ಚು ಕಾಡಿದ್ದು ಸುಳ್ಳು ಕೂಗು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುವ ನೀಲಿ ರಿಲೇ ಮಾಡ್ಯೂಲ್‌ಗಳು ಬಹುಪಾಲು ಇನ್‌ಪುಟ್ ಲೋ ಆದಾಗ ಆನ್ ಆಗುವಂಥವು. ಮೈಕ್ರೋಕಂಟ್ರೋಲರ್ ರೀಸೆಟ್ ಆಗಿ ಪಿನ್ನನ್ನು ಔಟ್‌ಪುಟ್ ಮಾಡಿದ ಕ್ಷಣ ಅದು ಲೋ ಇದ್ದರೆ ಸೈರನ್ ಒಮ್ಮೆ ಕೂಗಿಬಿಡುತ್ತದೆ. ಆ ಮಾಡ್ಯೂಲ್ ತೆಗೆದು, ಇನ್‌ಪುಟ್ ಹೈ ಆದಾಗ ಮಾತ್ರ ರಿಲೇ ಆನ್ ಮಾಡುವ ಯುಎಲ್‌ಎನ್2003 ಡ್ರೈವರ್ ಚಿಪ್ ಹಾಕಿದೆ. ಪಿನ್ ತೇಲುತ್ತಿದ್ದರೂ ರಿಲೇ ಆಫ್. ಅದರ 9ನೇ ಪಿನ್ನನ್ನು ರಿಲೇಯ 24 ವೋಲ್ಟಿಗೆ ಸೇರಿಸಲೇಬೇಕು, ಇಲ್ಲದಿದ್ದರೆ ರಿಲೇ ಆಫ್ ಆದಾಗಿನ ವೋಲ್ಟೇಜ್ ಹೊಡೆತ ತಡೆಯುವ ಒಳಗಿನ ಡಯೋಡ್‌ಗಳು ಇದ್ದೂ ಇಲ್ಲದಂತೆ.

ರೀಸೆಟ್ಟಿನ ಮೂಲವೇ 230 ವೋಲ್ಟ್ ಕಾಂಟ್ಯಾಕ್ಟರ್ ಕಾಯಿಲ್ ಆಫ್ ಆದಾಗ ಏಳುವ ವೋಲ್ಟೇಜ್ ಹೊಡೆತ. ಅದನ್ನು ಹೀರಲು ಕಾಯಿಲಿಗೆ ಅಡ್ಡಲಾಗಿ 100 ಓಮ್ ರೆಸಿಸ್ಟರ್ ಮತ್ತು 0.1 ಮೈಕ್ರೋಫ್ಯಾರಡ್ ಎಕ್ಸ್2 (ಮೇನ್ಸ್‌ಗೆ ಅಡ್ಡ ಹಾಕಬಹುದಾದ ಸುರಕ್ಷಿತ ಬಗೆಯ) ಕೆಪಾಸಿಟರ್ ಸರಣಿಯಲ್ಲಿ ಇಟ್ಟೆ. ಇದನ್ನು ರಿಲೇ ಕಾಂಟ್ಯಾಕ್ಟಿಗೆ ಅಡ್ಡ ಹಾಕಬಾರದು: ಸುಮಾರು 7 ಮಿಲಿಆಂಪ್ ಸದಾ ಸೋರುತ್ತದೆ, ಸಣ್ಣ ಕಾಂಟ್ಯಾಕ್ಟರ್ ಬಿಡದೆ ಗುಂಯ್‌ಗುಡಬಹುದು. ಎಸಿ ಕಾಯಿಲಿಗೆ ಡಯೋಡ್ ಹಾಕಿದರಂತೂ ಶಾರ್ಟ್.

ಗಾರ್ಡ್ ರೂಮಿನಿಂದ ಟೆರೇಸಿಗೆ 60 ಮೀಟರ್ ಕೇಬಲ್. ಏಪ್ರಿಲ್-ಮೇ ಗುಡುಗುಮಳೆಯಲ್ಲಿ 5 ವೋಲ್ಟ್ ಇನ್‌ಪುಟ್ ನಂಬಲಾಗದು. 24 ವೋಲ್ಟ್ ಲೂಪ್ ಮಾಡಿ, 2.2 ಕಿಲೋಓಮ್ ಅರ್ಧ ವ್ಯಾಟ್ ರೆಸಿಸ್ಟರ್ ಮೂಲಕ ಪಿಸಿ817 ಆಪ್ಟೋಕಪ್ಲರಿಗೆ (ಸಂಕೇತವನ್ನು ಬೆಳಕಿನ ಮೂಲಕ ದಾಟಿಸುವ ಚಿಪ್) ಸುಮಾರು 10 ಮಿಲಿಆಂಪ್ ಕೊಟ್ಟೆ. ಬಟನ್ 2 ಸೆಕೆಂಡ್ ಒತ್ತಿ ಹಿಡಿದರೆ ಮಾತ್ರ ಆಜ್ಞೆ.

ಕೂಗಬೇಕಾದಾಗ ಸುಮ್ಮನಿರುವುದು ಇನ್ನೂ ಕೆಟ್ಟದ್ದು. ರಿಲೇ ಟಕ್ ಎಂದು ಸದ್ದು ಮಾಡಿದ ಮಾತ್ರಕ್ಕೆ ಮೋಟಾರ್ ತಿರುಗಿತೆಂದಲ್ಲ. ಒಂದು ಫೇಸಿಗೆ ಸಿಟಿ (ಕರೆಂಟ್ ಅಳೆಯುವ ಟ್ರಾನ್ಸ್‌ಫಾರ್ಮರ್) ಹಾಕಿದ್ದೇನೆ. ಆನ್ ಆದ 2 ಸೆಕೆಂಡಿನಲ್ಲಿ 3 ಆಂಪ್ ದಾಟದಿದ್ದರೆ ಗಾರ್ಡ್ ರೂಮಿನಲ್ಲಿ ಕೆಂಪು ದೀಪ, ಬಜರ್. ಒಂದು ಫೇಸ್ ಹೋದರೆ ಸಿಂಗಲ್ ಫೇಸಿಂಗ್ ಪ್ರಿವೆಂಟರ್ ಮೋಟಾರ್ ಓಡದಂತೆ ತಡೆಯುತ್ತದೆ, ಅದರ ಸೂಚನೆಯೂ ಅದೇ ಬಜರಿಗೆ. 12 ವೋಲ್ಟ್ 7 ಎಎಚ್ ಬ್ಯಾಟರಿ ಎರಡು ಇವೆ. ಅವು ಪ್ಯಾನೆಲನ್ನು ಎಚ್ಚರವಾಗಿಡಲು ಮಾತ್ರ, ಮೋಟಾರಿಗಲ್ಲ.

ಕಾಂಟ್ಯಾಕ್ಟರಿನ ಕಾಂಟ್ಯಾಕ್ಟ್ ಅಂಟಿಕೊಂಡರೆ ಪ್ರೋಗ್ರಾಂ ಮೋಟಾರನ್ನು ನಿಲ್ಲಿಸಲಾರದು. ಹಾಗಾಗಿ ಸರಣಿಯಲ್ಲಿ ಎರಡನೇ ಕಾಂಟ್ಯಾಕ್ಟರ್, ಅದರ ಕಾಯಿಲಿಗೆ 3 ನಿಮಿಷದ ಪ್ರತ್ಯೇಕ ಟೈಮರ್. ಐಪಿ65 (ದೂಳು, ನೀರು ತಡೆಯುವ) ಪೆಟ್ಟಿಗೆಯಲ್ಲಿ ಕೇಬಲ್ ಒಳಹೋಗುವ ಗ್ಲ್ಯಾಂಡ್‌ಗಳೆಲ್ಲ ಕೆಳಮುಖ. ಬಳಸದ ತೂತುಗಳಿಗೆ ಬಿರಡೆ, ಇಲ್ಲದಿದ್ದರೆ ಹಲ್ಲಿ ಒಳಗೆ ಮನೆ ಮಾಡುತ್ತದೆ.