ರಜೆಗೆ ತುಮಕೂರಿನಿಂದ ಬೆಂಗಳೂರು: ದಿನಕ್ಕೊಂದೇ ಮೆಟ್ರೊ ಲೈನು

ತುಮಕೂರಿನಿಂದ ಬೆಂಗಳೂರಿಗೆ ಹೆಚ್ಚುಕಡಿಮೆ 70 ಕಿಲೋಮೀಟರು. ಬೆಳಿಗ್ಗೆ ಹೊರಟು ರಾತ್ರಿ ಊಟಕ್ಕೆ ಮನೆ ಸೇರಬಹುದು, ಹಾಗಾಗಿ ಕ್ರಿಸ್‌ಮಸ್ ರಜೆಯಲ್ಲಿ ಮಕ್ಕಳಿಗೆ ಊರು ತೋರಿಸಲು ರೂಮು ಮಾಡುವ ಖರ್ಚಿಲ್ಲ. ಆದರೆ ಲಾಲ್‌ಬಾಗ್, ಮ್ಯೂಸಿಯಂ, ಬನ್ನೇರುಘಟ್ಟ, ಸಂಜೆಗೆ ಎಂ.ಜಿ. ರೋಡು ಎಂದು ಎಲ್ಲವನ್ನೂ ಒಂದೇ ದಿನಕ್ಕೆ ಹೊಂದಿಸಲು ಹೋದರೆ ಅರ್ಧ ದಿನ ಆಟೋದಲ್ಲೇ ಕಳೆಯುತ್ತದೆ. ನಾನು ಪಾಲಿಸುವುದು ಒಂದೇ ನಿಯಮ: ದಿನಕ್ಕೊಂದೇ ಮೆಟ್ರೊ ಲೈನು. ಆ ಲೈನಿನಲ್ಲಿ ಕೂತು ನಿಂತು ನೋಡುವ ಜಾಗ ಒಂದು, ಮಕ್ಕಳು ಓಡಾಡಿಕೊಂಡಿರುವ ಜಾಗ ಒಂದು. ಹಸಿರು ಲೈನಿನ ದಿನ ಲಾಲ್‌ಬಾಗ್, ಬಸವನಗುಡಿ. ನೇರಳೆ ಲೈನಿನ ದಿನ ಕಬ್ಬನ್ ಪಾರ್ಕ್, ಕಸ್ತೂರಬಾ ರಸ್ತೆ. ಬನ್ನೇರುಘಟ್ಟವನ್ನು ಇವೆರಡರೊಳಗೂ ತುರುಕಬಾರದು, ಅದಕ್ಕೆ ಬೇರೆಯದೇ ಒಂದು ದಿನ ಬೇಕು. ಅದೂ ಮಂಗಳವಾರ ಅಲ್ಲ, ಅವತ್ತು ಅದಕ್ಕೆ ರಜೆ.

ಮೊದಲು ವಾರ ನೋಡಿಕೊಳ್ಳಿ. ಸೋಮವಾರ ಹೋದರೆ ಜವಾಹರಲಾಲ್ ನೆಹರು ತಾರಾಲಯ, ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ಕಸ್ತೂರಬಾ ರಸ್ತೆಯ ಮ್ಯಾಪ್ ಕಲಾ ಸಂಗ್ರಹಾಲಯ ಎಲ್ಲಕ್ಕೂ ಬಾಗಿಲು ಹಾಕಿರುತ್ತದೆ. ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ ಮಾತ್ರ ಸೋಮವಾರವೂ ತೆರೆದಿರುತ್ತದೆ. ಡಿಸೆಂಬರ್ 25 ಮತ್ತು ಜನವರಿ 1 ಎರಡನ್ನೂ ಬಿಟ್ಟುಬಿಡುವುದು ಒಳ್ಳೆಯದು. ಆ ಎರಡು ದಿನ ಪಾರ್ಕುಗಳಲ್ಲಿ ಮಗುವಿನ ಕೈ ಬಿಡುವ ಹಾಗಿಲ್ಲ, ಕೈ ಬಿಡಲಾಗದ ಮೇಲೆ ಪಾರ್ಕಿಗೆ ಹೋಗಿ ಏನು ಪ್ರಯೋಜನ? 31ರ ಸಂಜೆಯಂತೂ ಎಂ.ಜಿ. ರೋಡ್, ಬ್ರಿಗೇಡ್ ರೋಡ್ ಕಡೆ ಚಿಕ್ಕ ಮಕ್ಕಳ ಜೊತೆ ಹೋಗಲೇಬೇಡಿ. ದೀಪದ ಅಲಂಕಾರ ನೋಡುವ ಆಸೆ ಇದ್ದರೆ 20ರಿಂದ 23ರ ಒಳಗೆ ಒಂದು ವಾರದ ದಿನ ಆರಿಸಿಕೊಳ್ಳಿ. ಈ ತಿಂಗಳಲ್ಲಿ ಸೂರ್ಯ ಆರು ಗಂಟೆಗೇ ಮುಳುಗುವುದರಿಂದ ಆರೂವರೆಗೆಲ್ಲ ದೀಪ ನೋಡಿ ವಾಪಸ್ ಹೊರಡಬಹುದು.

ಹೋಗುವಾಗ ರೈಲು, ಇಳಿಯುವುದು ಯಶವಂತಪುರದಲ್ಲಿ. ಮೆಜೆಸ್ಟಿಕ್‌ವರೆಗೆ ಹೋಗುವ ರೈಲಾದರೂ ಅಲ್ಲೇ ಇಳಿಯುತ್ತೇನೆ. ಯಶವಂತಪುರ ದಾಟಿದ ಮೇಲೆ ರೈಲು ಸಿಗ್ನಲ್ಲಿಗೆ ನಿಂತರೆ ಎಷ್ಟು ಹೊತ್ತು ಎಂದು ಹೇಳಲಾಗದು, ಹೊರಗೆ ಬಂದರೆ ಮೆಟ್ರೊ ಅಲ್ಲೇ ಇದೆ. ಅಲ್ಲಿಂದ ಲಾಲ್‌ಬಾಗ್‌ಗೆ ನೇರ ಹಸಿರು ಲೈನು, ಅರ್ಧ ಗಂಟೆಯ ಆಸುಪಾಸು. ಕಬ್ಬನ್ ಪಾರ್ಕಿಗಾದರೆ ಮೆಜೆಸ್ಟಿಕ್‌ನಲ್ಲಿ ಇಳಿದು ಮೇಲಿನ ಹಂತಕ್ಕೆ ಹತ್ತಿ ನೇರಳೆ ಲೈನು ಹಿಡಿಯಬೇಕು, ಮೂರನೇ ಸ್ಟೇಷನ್ನು. ರೈಲಿನಲ್ಲಿ 5 ವರ್ಷದೊಳಗಿನವರಿಗೆ ಟಿಕೆಟ್ ಬೇಡ, 5ರಿಂದ 12ರವರೆಗೆ ಕಾಯ್ದಿರಿಸದ ಟಿಕೆಟ್ ಅರ್ಧ ದರ.

ಬಸ್ಸಾದರೆ ಸಾಮಾನ್ಯ ಸಾರಿಗೆ ಬಸ್ಸನ್ನೇ ನೋಡಿ ಹತ್ತಿ. ಶಕ್ತಿ ಯೋಜನೆ ಅದಕ್ಕೆ ಅನ್ವಯಿಸುತ್ತದೆ, ಮನೆಯ ಹೆಂಗಸರು ಆಧಾರ್ ಇಟ್ಟುಕೊಂಡರೆ ಸಾಕು. ನೆಲಮಂಗಲ ದಾಟಿದ ಮೇಲೆ ಬಸ್ಸಿನಲ್ಲಿ ಕೂತಿರಬೇಡಿ. ಎಂಟನೇ ಮೈಲಿಯಿಂದ ಗೊರಗುಂಟೆಪಾಳ್ಯದವರೆಗಿನ ದಟ್ಟಣೆಯಲ್ಲಿ ಒಂದು ಗಂಟೆ ಹೋದರೂ ಆಶ್ಚರ್ಯವಿಲ್ಲ. 2024ರ ನವೆಂಬರಿನಿಂದ ಮೆಟ್ರೊ ಮಾದಾವರದವರೆಗೆ ಬಂದಿದೆ. ಎಲ್ಲ ಬಸ್ಸೂ ಅಲ್ಲಿ ನಿಲ್ಲುವುದಿಲ್ಲ, ಕೆಲವು ಪೀಣ್ಯದ ಫ್ಲೈಓವರ್ ಮೇಲೆ ಹೋಗಿಬಿಡುತ್ತವೆ. ಅದಕ್ಕೇ ಹತ್ತುವ ಮೊದಲೇ "ಅಣ್ಣ, ಮಾದಾವರ ಮೆಟ್ರೊ ಹತ್ರ ನಿಲ್ಲಿಸ್ತೀರಾ?" ಎಂದು ಕಂಡಕ್ಟರನ್ನು ಕೇಳಿ.

ಮೆಟ್ರೊ ದರ 2025ರ ಫೆಬ್ರುವರಿಯಲ್ಲಿ ಏರಿತು, ಗರಿಷ್ಠ 90 ರೂಪಾಯಿ ಆಯಿತು. ಐದು ಜನಕ್ಕೆ ಹೋಗಿ ಬರುವ ಲೆಕ್ಕ ಹಾಕಿಕೊಂಡೇ ಹೊರಡಬೇಕು. ಮೊಬೈಲಿನಲ್ಲಿ ಇಡೀ ಗುಂಪಿಗೆ ಒಂದೇ ಕ್ಯೂಆರ್ ಟಿಕೆಟ್ ತೆಗೆದರೆ ಕೌಂಟರಿನ ಸಾಲು ತಪ್ಪುತ್ತದೆ, ಸ್ಕ್ರೀನ್‌ಶಾಟ್ ಉಳಿಸಿಕೊಂಡಿರಿ. ಭಾನುವಾರ ಮೊದಲ ಮೆಟ್ರೊ ಏಳಕ್ಕೆ, ಸೋಮವಾರ ನಾಲ್ಕೂಕಾಲಿಗೆ, ಮಿಕ್ಕ ದಿನ ಐದಕ್ಕೆ. ಮಕ್ಕಳಿಗೆ ಮುಂಚೆಯೇ ಹೇಳಿಕೊಡಬೇಕಾದ ಒಂದು ಮಾತಿದೆ. ಬಾಗಿಲು ಮುಚ್ಚಿ ಯಾರಾದರೂ ಪ್ಲಾಟ್‌ಫಾರ್ಮಿನಲ್ಲೇ ಉಳಿದರೆ ಅವರು ಅಲ್ಲಿಂದ ಕದಲಬಾರದು. ರೈಲಿನಲ್ಲಿದ್ದವರು ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಹಿಂದಕ್ಕೆ ಬರುತ್ತಾರೆ. ಇಬ್ಬರೂ ಹುಡುಕಲು ಹೊರಟರೆ ಇಬ್ಬರೂ ಸಿಗುವುದಿಲ್ಲ. ಫೋನ್ ನಂಬರನ್ನು ಚೀಟಿಯಲ್ಲಿ ಬರೆದು ಪ್ರತಿ ಮಗುವಿನ ಜೇಬಿಗೂ ಹಾಕಿ.

ನೇರಳೆ ಲೈನಿನ ದಿನಕ್ಕೆ ತಿರುಳು ವಿಶ್ವೇಶ್ವರಯ್ಯ ಮ್ಯೂಸಿಯಂ. ಡಿಸೆಂಬರ್ ಎಂದರೆ ಶಾಲಾ ಪ್ರವಾಸದ ತಿಂಗಳು, ರಾಜ್ಯದ ಎಲ್ಲ ಕಡೆಯ ಬಸ್ಸುಗಳು ಇಲ್ಲಿಗೆ ಬರುತ್ತವೆ. ಹತ್ತೂವರೆಯಿಂದ ಒಂದು ಗಂಟೆಯವರೆಗೆ ಯಾವ ಗುಂಡಿ ಒತ್ತಲೂ ಸರದಿ ಸಿಗುವುದಿಲ್ಲ. ಹಾಗಾಗಿ ಬೆಳಿಗ್ಗೆ 9:30ಕ್ಕೆ ಬಾಗಿಲು ತೆರೆಯುವಾಗಲೇ ಅಲ್ಲಿರಬೇಕು, ಇಲ್ಲವೇ ಮಧ್ಯಾಹ್ನ ಎರಡೂವರೆಯ ನಂತರ ಹೋಗಬೇಕು. ಶಾಲೆಯ ಗುಂಪುಗಳು ನೆಲಮಹಡಿಯಿಂದ ಶುರುಮಾಡುತ್ತವೆ, ನಾವು ಮೇಲಿನ ಮಹಡಿಯಿಂದ ಇಳಿಯುತ್ತಾ ಬರುತ್ತೇವೆ. ಮಕ್ಕಳು ಕೈಯಿಂದ ತಿರುಗಿಸಿ, ಎಳೆದು, ಊದಿ ನೋಡುವ ವಿಜ್ಞಾನದ ಆಟಗಳು ಮೇಲಿವೆ. ಖಾಲಿ ಇದ್ದಾಗ ಸಿಕ್ಕರೆ ಒಂದೊಂದರ ಹತ್ತಿರವೂ ಹತ್ತು ನಿಮಿಷ ನಿಲ್ಲುತ್ತಾರೆ.

ರೈಟ್ ಸಹೋದರರ ವಿಮಾನದ ಪೂರ್ಣ ಗಾತ್ರದ ಪ್ರತಿಕೃತಿಯ ಮುಂದೆ ಸುಮ್ಮನೆ ಫೋಟೋ ತೆಗೆದು ಮುಂದೆ ಹೋಗಬೇಡಿ. 1903ರ ಡಿಸೆಂಬರ್ 17ರಂದು ಅದರ ಮೊದಲ ಹಾರಾಟ 12 ಸೆಕೆಂಡು, 120 ಅಡಿ ಮಾತ್ರ. ಹೊರಗೆ ಬಂದ ಮೇಲೆ 120 ಅಡಿಯನ್ನು ಮಕ್ಕಳ ಹೆಜ್ಜೆಯಲ್ಲೇ ಅಳೆಸಿ, ಇಷ್ಟೇನಾ ಎಂದು ಅವರೇ ಕೇಳುತ್ತಾರೆ. ಓಡಿಸುವವನು ಹೊಟ್ಟೆಯ ಮೇಲೆ ಮಲಗುತ್ತಿದ್ದ, ಸೊಂಟವನ್ನು ಆಚೀಚೆ ಸರಿಸಿದರೆ ತಂತಿಗಳು ಎಳೆದು ರೆಕ್ಕೆಯ ತುದಿ ತಿರುಚಿಕೊಳ್ಳುತ್ತಿತ್ತು, ವಿಮಾನ ವಾಲುತ್ತಿದ್ದದ್ದು ಹಾಗೆ. ಮ್ಯೂಸಿಯಂ ಹೊರಗೆ ನಿಲ್ಲಿಸಿರುವ ಮಾರುತ್ ಯುದ್ಧವಿಮಾನ ಎಚ್‌ಎಎಲ್‌ನದು, ಮೊದಲು ಹಾರಿದ್ದು 1961ರಲ್ಲಿ. ಎರಡರ ನಡುವೆ 58 ವರ್ಷ. ಎರಡನ್ನೂ ಒಂದರ ಹಿಂದೊಂದು ತೋರಿಸಿದರೆ ಆ ಅಂತರ ಮಕ್ಕಳಿಗೇ ಕಾಣುತ್ತದೆ.

ಮ್ಯೂಸಿಯಂ ಮುಗಿಸಿ ಕಬ್ಬನ್ ಪಾರ್ಕಿನಲ್ಲಿ ಬುತ್ತಿ. ಚಿತ್ರಾನ್ನ, ಮೊಸರನ್ನಕ್ಕಿಂತ ಸುತ್ತಿದ ಚಪಾತಿ ಅನುಕೂಲ, ತಟ್ಟೆ ಬೇಡ, ಕೈ ತೊಳೆಯಲು ನೀರು ಹುಡುಕುವುದೂ ಬೇಡ. ತಾರಾಲಯಕ್ಕೂ ಅದೇ ದಿನ ಹೋಗುವುದಾದರೆ ಕನ್ನಡ ಪ್ರದರ್ಶನದ ಸಮಯವನ್ನು ಮೊದಲು ಗೊತ್ತುಮಾಡಿಕೊಂಡು ಮಿಕ್ಕದ್ದನ್ನು ಅದರ ಸುತ್ತ ಹೊಂದಿಸಿ. ಇಂಗ್ಲಿಷಿನದು ಬೇರೆ ಹೊತ್ತಿಗೆ ಇರುತ್ತದೆ, ಗೊತ್ತಿಲ್ಲದೆ ಒಳಗೆ ಕೂತರೆ ಚಿಕ್ಕವರು ಕತ್ತಲಲ್ಲಿ ನಿದ್ದೆ ಹೋಗುತ್ತಾರೆ.

ಹಸಿರು ಲೈನಿನ ದಿನ ಎಂಟು ಗಂಟೆಗೆಲ್ಲ ಲಾಲ್‌ಬಾಗ್ ಒಳಗಿರಬೇಕು. ಮೆಟ್ರೊದಿಂದ ಇಳಿದರೆ ಪಶ್ಚಿಮ ದ್ವಾರ ಹತ್ತಿರ. ಹೈದರಾಲಿ 1760ರಲ್ಲಿ ಶುರುಮಾಡಿದ ತೋಟ ಇವತ್ತು 240 ಎಕರೆ ಇದೆ. ಪೂರ್ತಿ ಸುತ್ತುವ ಆಸೆ ಬಿಡಿ, ಗಾಜಿನ ಮನೆ ಮತ್ತು ಕೆಂಪೇಗೌಡರ ಗೋಪುರದ ಬಂಡೆ ಸಾಕು. ನನ್ನ ಲೆಕ್ಕದಲ್ಲಿ ಬಂಡೆಯೇ ಮುಖ್ಯ, ಅದರಲ್ಲೂ ನಮ್ಮ ಜಿಲ್ಲೆಯ ಮಕ್ಕಳಿಗೆ. ಮಧುಗಿರಿ ಏಕಶಿಲೆ ಹತ್ತಿದವರಿಗೆ ಈ ಬಂಡೆ ಅಂಗೈ ಅಗಲದ್ದು ಅನ್ನಿಸುತ್ತದೆ. ಆದರೆ ವಯಸ್ಸಿನಲ್ಲಿ ಇದೇ ಹಿರಿಯದು. ಲಾಲ್‌ಬಾಗಿನದು ನೈಸ್ ಶಿಲೆ, ಸುಮಾರು 300 ಕೋಟಿ ವರ್ಷದ್ದು, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಮಧುಗಿರಿಯದು ಕ್ಲೋಸ್‌ಪೇಟ್ ಗ್ರಾನೈಟ್, ರಾಮನಗರದ ಹಳೆಯ ಹೆಸರಿನಿಂದ ಕರೆಯುವ ಶಿಲೆ, ಸುಮಾರು 250 ಕೋಟಿ ವರ್ಷದ್ದು. ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ: ನೈಸ್‌ನಲ್ಲಿ ಬಿಳಿ ಮತ್ತು ಕಪ್ಪು ಪಟ್ಟೆಗಳು ಬಳುಕಿಕೊಂಡು ಹೋಗುತ್ತವೆ, ಒತ್ತಡಕ್ಕೆ ಬಿಸಿಗೆ ಶಿಲೆ ಮೆತ್ತಗಾಗಿ ಮಡಚಿಕೊಂಡ ಗುರುತು ಅದು. ಗ್ರಾನೈಟಿನಲ್ಲಿ ಹರಳು ಹರಳಾಗಿ ಚುಕ್ಕಿಗಳು. ಡಿಸೆಂಬರಿನ ಬೆಳಗಿನ ಓರೆ ಬಿಸಿಲಿನಲ್ಲಿ ಪಟ್ಟೆಗಳು ಚೆನ್ನಾಗಿ ಕಾಣುತ್ತವೆ, ನೆತ್ತಿಯ ಬಿಸಿಲಿಗೆ ಎಲ್ಲವೂ ಒಂದೇ ಬೂದು ಬಣ್ಣ. ಹೊರಡುವ ಮೊದಲು ನಮ್ಮ ಕಡೆಯ ಕ್ವಾರಿಯ ಒಂದು ಚೂರು ಕಲ್ಲನ್ನು ಮಗುವಿನ ಕೈಗೆ ಕೊಟ್ಟಿದ್ದರೆ ಎರಡನ್ನೂ ಅಲ್ಲೇ ಹೋಲಿಸಿ ನೋಡಬಹುದು.

ತಿಂಡಿಗೆ ಲಾಲ್‌ಬಾಗ್ ಬಳಿಯ ಎಂಟಿಆರ್, ಗಾಂಧಿಬಜಾರಿನ ವಿದ್ಯಾರ್ಥಿ ಭವನ ಎಲ್ಲರ ಬಾಯಲ್ಲೂ ಬರುತ್ತವೆ. ರಜೆಯಲ್ಲಿ ಅಲ್ಲಿ ಕಾಯುವ ಹೊತ್ತಿಗೆ ಮಕ್ಕಳ ಹಸಿವು ಅಳುವಾಗಿರುತ್ತದೆ. ತಿಂಡಿ ಮುಗಿಸಿಕೊಂಡೇ ಹೊರಡಿ. ಸಂಜೆಗಾದರೆ ನ್ಯಾಷನಲ್ ಕಾಲೇಜು ಸ್ಟೇಷನ್ನಿನಿಂದ ವಿ.ವಿ. ಪುರದ ತಿಂಡಿ ಬೀದಿಗೆ ನಡೆದೇ ಹೋಗಬಹುದು. ಅವರೆ ಮೇಳ ಈ ಭಾಗದಲ್ಲೇ ನಡೆಯುತ್ತದೆ, ಸಾಮಾನ್ಯವಾಗಿ ಡಿಸೆಂಬರ್ ಕೊನೆ, ಜನವರಿಯಲ್ಲಿ. ಕಡಲೆಕಾಯಿ ಪರಿಷೆ ಕಾರ್ತಿಕದ ಕೊನೆಯ ಸೋಮವಾರಕ್ಕೆ ಆಗುವುದರಿಂದ ರಜೆಯ ಹೊತ್ತಿಗೆ ಮುಗಿದಿರುತ್ತದೆ.

ರಜೆ ಜನವರಿ ಮೊದಲ ವಾರಕ್ಕೂ ಇದ್ದರೆ ಕುಮಾರಕೃಪಾ ರಸ್ತೆಯ ಚಿತ್ರಸಂತೆ ಬಿಡಬೇಡಿ. ಕರ್ನಾಟಕ ಚಿತ್ರಕಲಾ ಪರಿಷತ್ತು ನಡೆಸುತ್ತದೆ, ಸಾಮಾನ್ಯವಾಗಿ ಜನವರಿಯ ಮೊದಲ ಭಾನುವಾರ, ಪ್ರವೇಶ ಉಚಿತ. ಹನ್ನೊಂದರ ಮೇಲೆ ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಚಿಕ್ಕ ಮಕ್ಕಳಿಗೆ ಚಿತ್ರದ ಬದಲು ದೊಡ್ಡವರ ಬೆನ್ನು ಕಾಣುತ್ತದೆ. ಒಂಬತ್ತಕ್ಕೆ ಅಲ್ಲಿದ್ದರೆ ಕಲಾವಿದರು ಬಿಡುವಾಗಿ ಮಾತಾಡುತ್ತಾರೆ. ಚಿತ್ರ ಕೊಳ್ಳುವುದಾದರೆ ಸುತ್ತಿ ಇಡಲು ಗಟ್ಟಿ ರಟ್ಟಿನ ಕೊಳವೆ ಒಯ್ಯಿರಿ, ರೈಲಿನ ನೂಕುನುಗ್ಗಲಿನಲ್ಲಿ ಬರೀ ಕಾಗದ ಉಳಿಯುವುದಿಲ್ಲ.

ಸ್ವೆಟರು ಬೆಳಿಗ್ಗೆ ಬೇಕು, ಹತ್ತು ಗಂಟೆಗೆ ಹೊರೆ. ದಪ್ಪದ್ದೊಂದರ ಬದಲು ತೆಳುವಾದ ಎರಡು ಪದರ ಹಾಕಿಸಿ, ಬಿಚ್ಚಿದ್ದನ್ನು ಅವರವರ ಬ್ಯಾಗಿಗೇ ಹಾಕಿಸಿ. ಪುಸ್ತಕ ಕೊಳ್ಳುವುದಿದ್ದರೆ ಕೊನೆಗೆ, ಮೆಜೆಸ್ಟಿಕ್ ಪಕ್ಕದ ಗಾಂಧಿನಗರದಲ್ಲಿ.

ವಾಪಸ್ಸಿಗೆ ರೈಲನ್ನು ಯಶವಂತಪುರದಲ್ಲಿ ಹತ್ತಬೇಡಿ. ಐದೂವರೆಯಿಂದ ಏಳೂವರೆಯ ರೈಲುಗಳಲ್ಲಿ ದಿನಾ ಓಡಾಡುವ ಪಾಸಿನವರು ತುಂಬಿರುತ್ತಾರೆ, ಯಶವಂತಪುರಕ್ಕೆ ಬರುವಷ್ಟರಲ್ಲಿ ಬಾಗಿಲಲ್ಲೂ ಜಾಗವಿರುವುದಿಲ್ಲ. ಮೆಜೆಸ್ಟಿಕ್‌ನಲ್ಲೇ ಅರ್ಧ ಗಂಟೆ ಮುಂಚೆ ಹೋಗಿ ಸೀಟು ಹಿಡಿಯಿರಿ. ಅದು ಆಗದಿದ್ದರೆ ಮೆಜೆಸ್ಟಿಕ್‌ನಲ್ಲೇ ತುಮಕೂರಿನ ಬಸ್ಸು ಹತ್ತಿ. ಗೊರಗುಂಟೆಪಾಳ್ಯದಲ್ಲಿ ನಿಂತು ಕಾದರೆ ತುಂಬಿದ ಬಸ್ಸುಗಳೇ ಬರುತ್ತವೆ, ನಿದ್ದೆ ಬಂದ ಮಗುವನ್ನು ಎತ್ತಿಕೊಂಡು ನೆಲಮಂಗಲದವರೆಗೆ ನಿಂತೇ ಹೋಗಬೇಕಾಗುತ್ತದೆ.